ದರ್ಭೆಯ ಮುಸಿಯ

ಜಾವಳಿ
ಮಾರ್ಚ್ ೧೧, ಮಂಗಳವಾರ

ನನ್ನ ಮುದ್ದಿನ ಅರ್ಪಿತಾಗೆ ಅಜ್ಜಿಯ ಆಶೀರ್ವಾದಗಳು.

ಹೇಗಿದ್ದೀಯ ಪುಟ್ಟೀ? ಕೆಮ್ಮು ಕಡಿಮೆಯಾಯಿತೇ? ಆ ಪುಣೆಯ ಲ್ಯಾಬಿನ ತಣ್ಣನೆಯ ಕೋಣೆಯಲ್ಲಿ ದಿನವಿಡೀ ಕೂತು ರಕ್ತದ ಸೀಸೆಗಳ ಮುಖ ನೋಡುವವಳಿಗೆ ಕೆಮ್ಮು ಬಾರದೆ ಇನ್ನೇನು ಬಂದೀತು. ಕಾಳುಮೆಣಸಿನ ಪುಡಿ ಮುಗಿದಿದ್ದರೆ ತಿಳಿಸು, ಈ ವರ್ಷದ ಮೆಣಸು ಚೆನ್ನಾಗಿ ಒಣಗಿದೆ. ನಾನು ಆರಾಮಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ನಿಮ್ಮಮ್ಮ ಚೆನ್ನಾಗಿದ್ದಾಳೆ. ನಿಮ್ಮಪ್ಪನೂ ಚೆನ್ನಾಗಿದ್ದಾನೆ. ಅವನ ಸುದ್ದಿ ನೀನು ಕೇಳುವುದಿಲ್ಲ, ನಿನ್ನ ಸುದ್ದಿ ಅವನು ಕೇಳುವುದಿಲ್ಲ, ನಡುವೆ ಕೂತು ಇಬ್ಬರಿಗೂ ವರದಿ ಒಪ್ಪಿಸುವ ಕೆಲಸ ನನ್ನದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಮ್ಮನಿಗೆ ಸ್ಪೀಕರ್ ಹಾಕದೆ ಮಾತಾಡಲು ಬರುವುದಿಲ್ಲ, ನಿಮ್ಮಪ್ಪನಿಗೆ ಪಕ್ಕದ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂರಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಮೊನ್ನೆ ಹೂಮಳೆ ಬಂತು. ಕಾಫಿ ತೋಟವೆಲ್ಲ ಬೆಳ್ಳಗಾಗಿದೆ, ಅಂಗಳದ ತನಕ ಘಮಘಮ. ಈ ವಾಸನೆ ಬಂದಾಗಲೆಲ್ಲ ನನಗೆ ನಿನ್ನ ಹಾರ್ಲಿಕ್ಸ್ ಬಾಟಲಿ ನೆನಪಾಗುತ್ತದೆ. ಶಾಲೆಗೆ ರಜೆ ಸಿಕ್ಕಿದ ದಿನ ನೀನು ಕೊಟ್ಟಿಗೆಯಲ್ಲಿ ಗೌರಿ ಹಸುವಿನ ಕಿವಿಯ ಸಂದಿಯಿಂದ ಉಣುಗು ಕಿತ್ತು ಕಿತ್ತು ಆ ಬಾಟಲಿಗೆ ತುಂಬುತ್ತಿದ್ದೆ. ರಕ್ತ ಕುಡಿದು ಹುರುಳಿಕಾಳಿನಷ್ಟು ಉಬ್ಬಿದ್ದು ಬೇರೆ, ಸಾಸಿವೆಯಷ್ಟಿದ್ದದ್ದು ಬೇರೆ. ನಿಮ್ಮಮ್ಮ ಹೇಸಿಕೊಂಡು ಬಾಟಲಿಯನ್ನು ಒಲೆಗೆ ಹಾಕಲು ಹೊರಟರೆ, ನಿಮ್ಮಪ್ಪ ಅದನ್ನು ಅವಳ ಕೈಯಿಂದ ಕಸಿದು ದೇವರ ಮನೆಯ ಕಿಟಕಿಯ ಮೇಲೆ ಇಟ್ಟುಬಿಟ್ಟಿದ್ದ. ನೀನು ಮರೆತಿರಬಹುದು, ಚಿಕ್ಕವಳು. 'ಉಣುಗಿನ ಡಾಕ್ಟ್ರು' ಎಂದು ನಿನಗೆ ಮೊದಲು ಹೆಸರಿಟ್ಟವನೂ ಅವನೇ. ಪೂಜೆ ಮುಗಿಸಿ ಬಂದು, 'ಡಾಕ್ಟ್ರೇ, ಇವತ್ತು ಎಷ್ಟು ಪೇಷಂಟು?' ಎಂದು ಕೇಳದೆ ಅವನು ಊಟಕ್ಕೆ ಕೂರುತ್ತಿರಲಿಲ್ಲ.

ಆ ದಿನಗಳಲ್ಲೇ ನಾನು ನಿನಗೆ ಮುದ್ದಮ್ಮನ ಕಥೆ ಹೇಳಿದ್ದು. ಈಗ ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಬಯಲಿನ ಕಡೆಯಿಂದ ಬಂದವಳಿಗೆ ಇಲ್ಲಿ ಎಲ್ಲಕ್ಕೂ ಹೆದರಿಕೆ. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದರೆ ಅಳುತ್ತಾ ನಿಲ್ಲುತ್ತಿದ್ದೆ. ಅದನ್ನು ಸುಣ್ಣ ಹಚ್ಚಿ ಬಿಡಿಸಲು ಕಲಿಸಿದವಳು ತೋಟದ ಕೂಲಿಯವರ ಲೈನಿನ ಮುದ್ದಮ್ಮ. ಕಾಫಿ ಕೊಯ್ಯುವ ಹೆಂಗಸರಲ್ಲಿ ಅವಳಷ್ಟು ಚೆನ್ನಾಗಿ ಹಾಡುವವರು ಇರಲಿಲ್ಲ. ಒಂದು ಬೇಸಿಗೆ, ಆಂಜನೇಯನ ಗುಡಿಯ ಹಿಂದೆ ಕರಿಮುಖದ ದೊಡ್ಡ ಮುಸಿಯವೊಂದು ಸತ್ತು ಬಿದ್ದಿತ್ತು. ನಮ್ಮಲ್ಲಿ ಮಂಗ ಸತ್ತರೆ ಮನೆಯ ಹಿರಿಯರು ಸತ್ತಂತೆ. ಅವತ್ತು ತೋಟದ ಕೆಲಸವೇ ನಿಂತಿತು, ಮೇಸ್ತ್ರಿಯೇ ಬುಟ್ಟಿ ತುಂಬ ಹೂವು ತಂದ. ಗುಡಿಯ ಅಂಗಳದಲ್ಲಿ ಹಲಗೆಯ ಮೇಲೆ ಅದನ್ನು ಮಲಗಿಸಿದರು. ಅರ್ಚಕರ ಮನೆಯ ಸೊಸೆಯೆಂದು ಅರಿಸಿನದ ಬಿಸಿನೀರು ಹೊಯ್ಯುವ ಭಾಗ್ಯ ನನಗೆ. ಮುದ್ದಮ್ಮ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ಸೆರಗಿನಿಂದ ಮೈ ಒರೆಸಿ, ಬೆರಳಿನಿಂದ ಕೂದಲು ಬಾಚುತ್ತಾ 'ಮರದಿಂದ ಇಳಿದ್ಯಾ ಮಗನೇ, ಮಣ್ಣಾಗೆ ಮಲಗೋಕೆ' ಎಂದು ಹಾಡಿದಳು. ನಿದ್ದೆ ಹೋದ ಮುದುಕನಂತಿತ್ತು ಅದರ ಮುಖ. ನಿನ್ನ ಅಜ್ಜ ಶಂಭು ಭಟ್ಟರು ಮಂತ್ರ ಹೇಳಿ ಮುಂದಿನ ಹೆಗಲು ಕೊಟ್ಟರು. ಅರಳೀಮರದ ಬುಡದಲ್ಲಿ ಮಣ್ಣು ಮಾಡಿ, ಎಲ್ಲರೂ ಒಟ್ಟಿಗೆ ಪಾಯಸ ಉಂಡೆವು. ಹೇಳಿದರೆ ತಪ್ಪಾಗುತ್ತದೋ ಏನೋ, ನನ್ನ ಮದುವೆಗಿಂತ ಆ ದಿನವೇ ನನಗೆ ಚೆನ್ನಾಗಿ ನೆನಪಿದೆ. ಈ ಊರು ನನ್ನದು ಎಂದು ಅನ್ನಿಸಿದ್ದು ಅವತ್ತು.

ಆಮೇಲೆ ಮುದ್ದಮ್ಮನಿಗೆ ಜ್ವರ ಬಂತು. ಕಣ್ಣು ಕೆಂಪು, ಮೈಯೆಲ್ಲ ಒನಕೆಯಲ್ಲಿ ಕುಟ್ಟಿದಂತೆ ನೋವು, ವಸಡಿನಿಂದ ರಕ್ತ. ನನಗೂ ಬಂತು, ಆದರೆ ಕೆಲವು ದಿನ ಮಲಗಿ ಎದ್ದೆ. ಅವಳೂ ಎದ್ದಳು. ಗಂಜಿ ಕುಡಿದಳು, ಎಲೆಅಡಿಕೆ ಕೇಳಿದಳು, 'ನಾಳೆಯಿಂದ ಕೆಲ್ಸಕ್ಕೆ ಬತ್ತೀನಿ ಅಂತ ರೈಟ್ರಿಗೆ ಹೇಳಿ ಅಮ್ಮಾ' ಎಂದಳು. ಹೋಯಿತು ಎಂದುಕೊಂಡ ಜ್ವರ ತಿರುಗಿ ಬಂದು ತಲೆಗೆ ಏರಿತು, ಮಾತು ನಿಂತಿತು, ಅವಳೂ ಹೋದಳು. ಊರಿನವರು 'ಪುಣ್ಯವಂತೆ, ಆಂಜನೇಯ ತನ್ನ ಜೊತೆ ಕರ್ಕೊಂಡು ಹೋದ' ಎಂದರು. ನಾನೂ ಅದನ್ನೇ ನಂಬಿಕೊಂಡು, ಅದರಲ್ಲೇ ಸಮಾಧಾನ ಹುಡುಕಿಕೊಂಡು ಇಷ್ಟು ವರ್ಷ ಕಳೆದೆ. ಈ ಕಥೆ ಕೇಳಿದ ರಾತ್ರಿ ನೀನು ಮಲಗಲಿಲ್ಲ. 'ಅಜ್ಜೀ, ನಿನ್ನ ಜ್ವರ ಹೋಯ್ತು, ಮುದ್ದಮ್ಮಂದು ಎಂತಕ್ಕೆ ವಾಪಸ್ ಬಂತು?' ಎಂದು ಪೀಡಿಸಿದೆ. ಈಗ ನೀನು ಪುಣೆಯಲ್ಲಿ ಕೂತು ಹುಡುಕುತ್ತಿರುವುದೂ ಅದೇ ಪ್ರಶ್ನೆಗೆ ಉತ್ತರ ಎಂದು ನೆನೆದರೆ, ನನ್ನ ಮುದ್ದಮ್ಮ ಎಲ್ಲಿಂದ ಎಲ್ಲಿಗೆ ಹೋದಳಪ್ಪಾ ಅನ್ನಿಸುತ್ತದೆ.

ಹೋದ ಯುಗಾದಿಯ ಜಗಳದ ವಿಷಯ ಎತ್ತಬಾರದೆಂದಿದ್ದೆ. ಎತ್ತದೆ ಮುಂದಿನ ಸುದ್ದಿ ಹೇಳಲು ಬರುವುದಿಲ್ಲ. ಅವತ್ತು ಗುಡಿಯ ಅಂಗಳದಲ್ಲಿ ಮಂಗಕ್ಕೆ ಚಟ್ಟ ಕಟ್ಟಿ ನಿಂತಿದ್ದಾಗ ನೀನು ಅಡ್ಡ ಹೋಗಿ ನಿಂತೆ. ಮಂಗನ ಕಾಯಿಲೆಯಿಂದ ಸತ್ತ ಮಂಗದ ಮೈ ತಣ್ಣಗಾದಂತೆ ಅದರ ಉಣುಗುಗಳೆಲ್ಲ ಇಳಿದು ಹತ್ತಿರ ಸಿಕ್ಕವರ ಮೈ ಹತ್ತುತ್ತವೆ, ಮುಟ್ಟಬೇಡಿ ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. 'ಅಜ್ಜ ಹೊತ್ತ ಮಂಗನಿಂದಲೇ ಮುದ್ದಮ್ಮ ಸತ್ತಿದ್ದು' ಎಂದು ಎಲ್ಲರೆದುರು ಅಂದುಬಿಟ್ಟೆ. ನಿಮ್ಮಪ್ಪ ಕೆಂಡವಾದ. 'ಸತ್ತ ನನ್ನಪ್ಪನ ಮೇಲೆ ಕೊಲೆ ಹೊರಿಸ್ತೀಯಾ? ಇನ್ನು ನನ್ನತ್ರ ಮಾತಾಡ್ಬೇಡ' ಎಂದ. ನಿನ್ನನ್ನು ದಾಟಿಕೊಂಡು ಹೋಗಿ ಹೆಗಲು ಕೊಟ್ಟ. ಆ ಮಂಗ ಕರೆಂಟಿನ ತಂತಿ ತಾಗಿ ಸತ್ತದ್ದೆಂದು ಆಮೇಲೆ ಗೊತ್ತಾಯಿತು, ಯಾರಿಗೂ ಏನೂ ಆಗಲಿಲ್ಲ. ಅಲ್ಲಿಂದ ಮೇಲೆ 'ಉಣುಗಿನ ಡಾಕ್ಟ್ರು' ಅನ್ನುವುದು ಅಂಗಡಿಕಟ್ಟೆಯ ನಗೆಯಾಯಿತು. ಅವರು ನಕ್ಕಾಗ ನಿಮ್ಮಪ್ಪ ನಗುತ್ತಿರಲಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನ ಮಾತು ನನಗೂ ನೋವು ಮಾಡಿತು ಕೂಸೇ. ಸುಳ್ಳಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನಿಜವೆಂದು ಗೊತ್ತಿತ್ತು, ಅದಕ್ಕೇ ನೋವು.

ಈಗ ಸುದ್ದಿ ಕೇಳು. ಶಿವರಾತ್ರಿ ಕಳೆದ ಮೇಲೆ ಸುಬ್ಬಣ್ಣನವರ ಎಸ್ಟೇಟಿನ ಹಲಸಿನ ಮರದ ಕೆಳಗೆ ಒಂದು ಮುಸಿಯ ಸತ್ತು ಬಿತ್ತು. ಹತ್ತಿರ ಎಲ್ಲೂ ತಂತಿ ಇಲ್ಲ, ಮೈಮೇಲೆ ಗಾಯ ಇಲ್ಲ. ಆಶಾ ಕಾರ್ಯಕರ್ತೆ ಅರ್ಚನಾ ಮೊದಲು ಓಡಿ ಬಂದಳು. ಪಶುವೈದ್ಯರಿಗೆ ಫೋನು ಹೋಯಿತು. ಪರೀಕ್ಷೆಗೆ ಮಾದರಿ ತೆಗೆದು, ಹೆಣವನ್ನು ಅಲ್ಲೇ ಸುಟ್ಟು, ಸುತ್ತ ಉಣುಗು ಸಾಯುವ ಪುಡಿ ಎರಚುತ್ತೇವೆ, ಅಲ್ಲಿಯವರೆಗೆ ಯಾರೂ ಹತ್ತಿರ ಹೋಗಬಾರದು ಎಂದರಂತೆ. ಊರಿನವರು ಅಷ್ಟರಲ್ಲಿ ಚಟ್ಟಕ್ಕೆ ಬಿದಿರು ಕಡಿದಾಗಿತ್ತು. ಸುಬ್ಬಣ್ಣನವರು ನಮ್ಮ ಜಗಲಿಗೇ ಬಂದು ಕೂತರು. ದೊಡ್ಡ ಎಸ್ಟೇಟಿನವರು, ಆದರೂ ನಿನ್ನ ಅಜ್ಜನ ಕಾಲದಿಂದ ನಮ್ಮ ಮೇಲೆ ಭಕ್ತಿ. 'ಭಟ್ರೇ, ನನ್ನ ತೋಟದಲ್ಲಿ ಬಂದು ಪ್ರಾಣ ಬಿಟ್ಟ ದೇವ್ರನ್ನ ಕಸ ಸುಟ್ಟಂಗೆ ಸುಡೋದಾ? ನೀವು ಬಂದು ಹೆಗಲು ಕೊಡಿ, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ' ಎಂದರು. ಅವರ ಹಿಂದೆ ಅರ್ಧ ಊರೇ ನಿಂತಿತ್ತು.

ನಿಮ್ಮಪ್ಪ ಹೋದರೆ ಎಲ್ಲರೂ ಹೋಗುತ್ತಾರೆ, ಮುಟ್ಟುತ್ತಾರೆ, ತೊಡೆಯ ಮೇಲೆ ಮಲಗಿಸಿಕೊಂಡು ಮೈ ಒರೆಸುವವರೂ ಇರುತ್ತಾರೆ. ಹೋಗದಿದ್ದರೆ ಹೋದ ವರ್ಷ ಮಗಳಿಗೆ ಆಡಿದ್ದನ್ನೆಲ್ಲ ಊರೆದುರು ತಾನೇ ನುಂಗಬೇಕು. ಅವನ ಹಟ ನಿನಗೆ ಗೊತ್ತಲ್ಲ, ನಿನಗೆ ಬಂದಿರುವುದೂ ಅದೇ. ನಾನು ಬಾಗಿಲಲ್ಲಿ ನಿಂತು, 'ಅಜಿತಾ, ಮುದ್ದಮ್ಮ ನನಗೆ ಇಂಬಳ ಬಿಡಿಸಿದವಳು' ಎಂದೆ. ಅವಳು ಹೇಗೆ ಹೋದಳೆಂದು ಅವನಿಗೂ ಗೊತ್ತು. ಅವನು ನನ್ನ ಮುಖ ನೋಡಿದ. ಸುಬ್ಬಣ್ಣನವರ ಕಡೆ ತಿರುಗಿ, 'ದೇಹ ಅವ್ರು ಸುಡ್ಲಿ. ಕ್ರಿಯೆ ನಾನು ಮಾಡ್ತೀನಿ' ಎಂದ.

ಯಾರಿಗೂ ಅರ್ಥವಾಗಲಿಲ್ಲ. ಹಿಂದೆ ತೋಟದ ಲೆಕ್ಕ ಬರೆಯುವ ರೈಟರೊಬ್ಬರು ಮಳೆಗಾಲದಲ್ಲಿ ಭದ್ರೆಯ ಪಾಲಾದಾಗ, ದೇಹ ಸಿಗದೆ, ನಿನ್ನ ಅಜ್ಜ ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ ಅದಕ್ಕೇ ಸಂಸ್ಕಾರ ಮಾಡಿದ್ದರು. ದೇಹ ಕೈಗೆ ಸಿಗದಿದ್ದರೆ ಹಾಗೆ ಮಾಡುವುದು ನಮ್ಮವರ ಪದ್ಧತಿ. ಆಗ ನಿಮ್ಮಪ್ಪ ಚಿಕ್ಕವನು, ಪಕ್ಕದಲ್ಲಿ ಕೂತು ನೋಡಿದ್ದ. 'ಇದೂ ಕೈಗೆ ಸಿಗದ ದೇಹವೇ' ಎಂದು ಎಲ್ಲರಿಗೂ ಬಿಡಿಸಿ ಹೇಳಿದ. ಅಟ್ಟದ ಮೇಲಿದ್ದ ಒಣ ದರ್ಭೆ ತಲೆಗೂ ಹೊಟ್ಟೆಗೂ ಆಯಿತು, ಬಾಲಕ್ಕೆ ಸಾಲಲಿಲ್ಲ. ತಾನೇ ಕತ್ತಿ ಹಿಡಿದು ಹಳ್ಳದ ದಂಡೆಗೆ ಹೋಗಿ ಹಸಿ ದರ್ಭೆ ಕೊಯ್ದು ತಂದ. ಮುಖಕ್ಕೆ ಇದ್ದಿಲು ಹಚ್ಚಿದ. ಕಟ್ಟುತ್ತಾ ಕಟ್ಟುತ್ತಾ ಅವನ ಮುಖವೂ ಮೆತ್ತಗಾಗುತ್ತಾ ಬಂತು. ನಿನಗೆ ತೆಂಗಿನಗರಿಯ ಗಿಳಿ ಮಾಡಿಕೊಡುತ್ತಿದ್ದಾಗ ಹೀಗೇ ಇರುತ್ತಿತ್ತು. ಅತ್ತ ತೋಟದಲ್ಲಿ ಹೊಗೆ ಏಳುತ್ತಿದ್ದ ಹೊತ್ತಿಗೇ ಇತ್ತ ದರ್ಭೆಯ ಮುಸಿಯಕ್ಕೆ ನೀರು ಹೊಯ್ದು, ಹೂವು ಹಾಕಿ, ಚಟ್ಟ ಎತ್ತಿದರು. ಸುಬ್ಬಣ್ಣನವರು ಮೊದಲು ಮುಖ ಬಿಗಿದುಕೊಂಡೇ ಇದ್ದರು, ಕೊನೆಗೆ ನಿಮ್ಮಪ್ಪನ ಪಕ್ಕದ ಹೆಗಲು ಅವರದೇ. ನಾನು ಮುದ್ದಮ್ಮನ ಹಾಡು ಹಾಡಿದೆ ಪುಟ್ಟೀ. ನನ್ನ ಗಂಟಲು ಏನೂ ಅಲ್ಲ, ನಡುವೆ ನಿಂತೇ ಹೋಯಿತು, ಲೈನಿನ ಹೆಂಗಸರು ಎತ್ತಿಕೊಂಡರು. ಅವರಿಗೆ ಆ ಹಾಡು ಇನ್ನೂ ಬರುತ್ತದೆ ಎಂಬುದೇ ನನಗೆ ತಿಳಿದಿರಲಿಲ್ಲ. ಅದೇ ಅರಳೀಮರದ ಬುಡ, ಅದೇ ಪಾಯಸ. ಏನೂ ಕಳೆದುಹೋಗಲಿಲ್ಲ ಅನ್ನಿಸಿತು.

ಆಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಆ ಮುಸಿಯಕ್ಕೆ ಮಂಗನ ಕಾಯಿಲೆ ಇದ್ದದ್ದು ನಿಜ. ಅರ್ಚನಾ ಅಂಗಳದಲ್ಲಿ ನಿಂತು ಹೇಳಿದಾಗ ನಿಮ್ಮಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದ. ಸಂಜೆಯವರೆಗೂ ಅರಳೀಮರದ ಕಟ್ಟೆಯ ಮೇಲೆ ಕೂತಿದ್ದ. ಊರಿನಲ್ಲಿ ಈವರೆಗೆ ಯಾರಿಗೂ ಜ್ವರವಿಲ್ಲ. ಅಂಗಡಿಕಟ್ಟೆಯಲ್ಲೂ ಈಗ ಯಾರೂ ನಗುವುದಿಲ್ಲ. ಉಣುಗು ಹತ್ತದಿರಲೆಂದು ಅರ್ಚನಾ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಲೈನಿನ ಹೆಂಗಸರು ಕಾಡಿನ ಅಂಚಿಗೆ ಹೋಗುವುದಿಲ್ಲ.

ಹಿಂದೆ ಈ ಜ್ವರ ಬಂದು ಉಳಿದವರ ರಕ್ತ ಬೇಕೆಂದು ನಿಮ್ಮ ಲ್ಯಾಬಿನವರು ಮೊನ್ನೆ ಬಂದಿದ್ದರು. ನೀನೇ ಬರುತ್ತೀಯೆಂದು ನಿಮ್ಮಮ್ಮ ಹೋಳಿಗೆಗೆ ಬೇಳೆ ಬೇಯಿಸಿದ್ದಳು. ನೀನು ಬರಲಿಲ್ಲ, ಹೋಳಿಗೆ ಅವರು ತಿಂದರು. ಇಷ್ಟು ವರ್ಷದ ಮೇಲೂ ಆ ಜ್ವರದ ಗುರುತು ನನ್ನ ರಕ್ತದಲ್ಲಿ ಉಳಿದಿದೆಯೋ ಇಲ್ಲವೋ ನೋಡಬೇಕಂತೆ. ಕೊಟ್ಟಿದ್ದೇನೆ. ನೀನು ಫೋನಿನಲ್ಲಿ ಹೇಳಿದ್ದೆಯಲ್ಲ, ಮೈಯ ಕಾವಲುಗಾರರು ಕೆಲವರಲ್ಲಿ ಕಳ್ಳನನ್ನು ಓಡಿಸಿ ಸುಮ್ಮನಾಗುತ್ತಾರೆ, ಕೆಲವರಲ್ಲಿ ಗಾಬರಿಬಿದ್ದು ಮನೆಯ ಸಾಮಾನನ್ನೇ ಒಡೆಯುತ್ತಾರೆ ಎಂದು. ಹಾಗೆಂದು ನಿಮಗೆ ಅನುಮಾನವಷ್ಟೇ, ಇನ್ನೂ ಖಚಿತವಿಲ್ಲ ಎಂದೂ ಹೇಳಿದ್ದೆ. ಖಚಿತವಾದ ದಿನ ಮೊದಲು ನನಗೆ ತಿಳಿಸು. ಮುದ್ದಮ್ಮ ಪುಣ್ಯವಂತೆಯೇ, ಆ ಮಾತನ್ನು ನಾನು ಬಿಡುವುದಿಲ್ಲ. ಆದರೆ ಔಷಧಿ ಇದ್ದಿದ್ದರೆ ಅವಳು ಇನ್ನೂ ಬಹಳ ವರ್ಷ ಹಾಡಬಹುದಿತ್ತು. ಎರಡೂ ನನ್ನೊಳಗೆ ಒಟ್ಟಿಗೇ ಇವೆ, ಜಗಳವಾಡುವುದಿಲ್ಲ.

ರಕ್ತ ತೆಗೆಯುವಾಗ ನಿಮ್ಮಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದ. ಸೂಜಿ ಹಿಡಿದಿದ್ದ ಲ್ಯಾಬಿನ ಹುಡುಗಿಯ ಹತ್ತಿರ, 'ನನ್ನ ಮಗ್ಳೂ ಇದೇ ಕೆಲ್ಸ ಮಾಡೋದು' ಎಂದ. ಯಾರೂ ಕೇಳಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಗೆ ಎಣ್ಣೆ ಹಾಕು. ಕಾಯಿಲೆ ಹುಡುಕುವವಳಿಗೇ ಕಾಯಿಲೆ ಬಾರದಿರಲಿ, ನಿನ್ನ ಕೈಯಿಂದ ನಾಲ್ಕು ಜನರ ಜೀವ ಉಳಿಯಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ. ಯುಗಾದಿ ಹತ್ತಿರ ಬಂತು. ನಾನೇನೂ ಬಾ ಎಂದು ಒತ್ತಾಯಿಸುವುದಿಲ್ಲ, ಬೇಳೆ ಮಾತ್ರ ನೆನೆಹಾಕಿಸಿ ಇಡುತ್ತೇನೆ.

ಇಂತು ನಿನ್ನ ಅಜ್ಜಿ,
ತ್ರಿಪುರಸುಂದರಿ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುತ್ತಿದ್ದಾಗ ನಿಮ್ಮಪ್ಪ ಬಂದು ಯಾರಿಗೆ ಎಂದ. ನಿನಗೆ ಎಂದೆ. ಒಳಗೆ ಹೋದವನು ಮತ್ತೆ ಬಂದು, 'ದರ್ಭೆ ಕೊಯ್ಯೋವಾಗ್ಲೂ ಉಣುಗು ಹತ್ತುತ್ತಾ? ಅವಳನ್ನ ಕೇಳು' ಎಂದ. ಹುಲ್ಲಿನಲ್ಲೂ ಇರುತ್ತದೆ, ಎಣ್ಣೆ ಹಚ್ಚಿಕೊಂಡೇ ಹೋಗಬೇಕು ಎಂದು ಅರ್ಚನಾ ನನಗೆ ಎಂದೋ ಹೇಳಿದ್ದಾಳೆ. ಆದರೆ ನನಗೇನು ಗೊತ್ತಪ್ಪ ಎಂದುಬಿಟ್ಟೆ. ನೀನು ಉತ್ತರವನ್ನು ನನಗೆ ಬರೆಯಬೇಡ, ಅವನಿಗೇ ಫೋನ್ ಮಾಡು. ಈ ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕಬೇಕೆಂದು ಚಪ್ಪಲಿ ಮೆಟ್ಟಿ ನಿಂತಿರುವವನೂ ಅವನೇ.