ನೀರು ಕಂಡವರ ಹೊಣೆ

ಕಲಬುರಗಿ, ನೆಲಮನೆ ಎರಡು, ಕಂಬ 46
ಫೆಬ್ರವರಿ 30, 2193

ಪೂಜ್ಯ ಚನ್ನವೀರಪ್ಪ ಅಜ್ಜಾರಿಗೆ, ನಿಮ್ಮ ಮರಿಮೊಮ್ಮಗನ ಮರಿಮೊಮ್ಮಗಳು ನೀಲಗಂಗಾ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹಿಗ್ಗಿದ ಮೇಲೆ ನಾವು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ತೀರಿಹೋದ ಹಿರಿಯರಿಗೆ ಅವರ ಕಾಲಕ್ಕೇ ಕಳಿಸುವ ಅಂಚೆ. ಜೀವಮಾನಕ್ಕೆ ಒಂದೇ ಕಾಗದ. ನನ್ನ ತಂಗಿ ತನ್ನ ಪಾಲಿನದನ್ನು ಮುತ್ತಜ್ಜಿಗೆ ಹೋಳಿಗೆ ಹದ ಕೇಳಿ ಬರೆದು ಮುಗಿಸಿದಳು, ಉತ್ತರ ಬರುವುದಿಲ್ಲ ಅನ್ನುವುದನ್ನೇ ಮರೆತು. ನಾನು ನಿಮ್ಮ ಜೊತೆ ಜಗಳಕ್ಕೆ ಬಂದಿದ್ದೇನೆ.

ನಾಳೆ ನೀವು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ನೀವು ಸೂಪರ್‌ವೈಸರ್ ಆಗಿರುವ ಪಾರ್ಕಿಂಗ್ ಬೇಸ್‌ಮೆಂಟಿನ ತಿರುವಿನಲ್ಲಿ ಪೈಪು ಸೋರಿ ನೀರು ನಿಂತಿತ್ತು, ಪದ್ಮಾವತಿ ಟೀಚರ್ ಜಾರಿಬಿದ್ದು ಸೊಂಟ ಮುರಿದುಕೊಂಡರು. ನೀರಿರುವುದು ನಿಮಗೆ ಗೊತ್ತಿತ್ತೇ ಎಂದು ವಕೀಲರು ಕೇಳುತ್ತಾರೆ. ನಾನು ನೋಡಿಲ್ಲ ಸಾಹೇಬರೆ, ಎನ್ನುತ್ತೀರಿ. ನೀವು ನೋಡಿದ್ದಿರಿ, ಅಜ್ಜಾ. ನಿಮ್ಮ ಡೈರಿ ನನ್ನ ಟ್ರಂಕಿನಲ್ಲಿದೆ. ಬೆಳಿಗ್ಗೆ ಒಂಬತ್ತಕ್ಕೇ ಅಲ್ಲಿ ಗೋಣಿಚೀಲ ಹಾಸಿದ್ದಿರಿ. ಚೀಲ ಹಾಸಿದರೆ ನೀರಿರುವುದು ನಮಗೆ ಗೊತ್ತಿತ್ತು ಅಂತ ನಾವೇ ಬರೆದುಕೊಟ್ಟ ಹಾಗೆ, ತೆಗಿ ಮೊದಲು, ಎಂದು ಮ್ಯಾನೇಜರ್ ಗದರಿದ. ತೆಗೆದಿರಿ. ಹನ್ನೊಂದಕ್ಕೆ ಟೀಚರ್ ಬಿದ್ದರು.

ಆಮೇಲಿನದು ನಿಮಗೆ ಗೊತ್ತಾಗುವ ಬಗೆಯಿಲ್ಲ, ನಾನೇ ಹೇಳುತ್ತೇನೆ. ಮೇಲಿನ ಊರು ಕಾದ ಹಂಚಾದಾಗ ಜನ ನಿಮ್ಮ ಬೇಸ್‌ಮೆಂಟುಗಳಿಗೆ ಇಳಿದರು. ಈಗ ಅವೇ ನಮ್ಮ ಮನೆ. ಕಂಬದ ನಂಬರೇ ವಿಳಾಸ. ಗಾಡಿ ನಿಲ್ಲಿಸಲು ನೀವು ಬಳಿಸಿದ ಹಳದಿ ಗೆರೆಗಳ ನಡುವೆ ಒಂದೊಂದು ಸಂಸಾರ. ಸಾವಿರ ಜನರ ಉಸಿರು, ಅಡುಗೆಯ ಹಬೆ ಎಲ್ಲ ಚಾವಣಿಗೆ ಹತ್ತಿ ತೊಟ್ಟಿಕ್ಕುತ್ತದೆ, ಗಾರೆ ನೆಲ ಯಾವಾಗಲೂ ಎಲ್ಲೋ ಒಂದು ಕಡೆ ಒದ್ದೆ. ಇಂಥ ಜಾಗಕ್ಕೆ ಕಾನೂನು ಬೇಕಾಯಿತು. ಹಳೇ ತೀರ್ಪು ಹುಡುಕಿದರು. ಸಿಕ್ಕಿದ್ದು ನಿಮ್ಮ ಆ ಸಾಕ್ಷಿ ನಂಬಿ ಕೊಟ್ಟದ್ದು. ನೀರು ಕಂಡವರಿಗೆ ಮಾತ್ರ ಹೊಣೆ. ಯಾರೂ ಕಾಣದಿದ್ದರೆ ಬಿದ್ದವರ ಹಣೆಬರಹ.

ಜನ ಜಾಣರು, ನೋಡುವುದನ್ನೇ ಬಿಟ್ಟರು. ನಮ್ಮಲ್ಲಿ ಎಲ್ಲರೂ ಗದ್ದ ಎತ್ತಿ ನಡೆಯುತ್ತಾರೆ. ಇದಕ್ಕೆ ಮೇಲ್ನಡೆ ಎಂದು ಹೆಸರು. ಅಂಬೆಗಾಲು ಬಿಟ್ಟು ನಿಂತ ಮಗುವಿಗೆ ಗದ್ದದ ಕೆಳಗೆ ಪಟ್ಟಿ ಕಟ್ಟುತ್ತೇವೆ. ಹೆಣ್ಣು ನೋಡಲು ಬಂದವರು ಬೇಕಂತಲೇ ಒಂದು ಲೋಟ ನೀರು ಚೆಲ್ಲಿ, ಹುಡುಗಿಯ ಕಣ್ಣು ಕೆಳಗಿಳಿಯಿತೇ ಎಂದು ಪರೀಕ್ಷೆ ಮಾಡುತ್ತಾರೆ. ನನ್ನ ಕಣ್ಣು ಇಳಿಯಲಿಲ್ಲ. ನಮ್ಮತ್ತೆ ಅದನ್ನು ಇವತ್ತಿಗೂ ಹೊಗಳುತ್ತಾರೆ. ಕೈಕಾಲು ಮುರಿದುಕೊಳ್ಳದವರು ಇಲ್ಲಿ ಕಡಿಮೆ, ಆದರೆ ತಪ್ಪಿತಸ್ಥರು ಒಬ್ಬರೂ ಇಲ್ಲ. ಎಂಥಾ ಚಂದದ ಊರು ಕಟ್ಟಿದ್ದೀರಿ ನೋಡ್ರಿ.

ಮೊನ್ನೆ ಮಗಳು ಮುಕ್ತಾಳನ್ನು ಕರೆದುಕೊಂಡು ತಿರುವು ಇಳಿಯುತ್ತಿದ್ದೆ. ಏಳು ವರ್ಷದವಳು, ಪಟ್ಟಿ ಸಡಿಲಾಗಿತ್ತು. ಅವ್ವಾ, ಇಲ್ಲಿ ನೀರದ, ಎಂದಳು. ನಾನು ಅವಳ ಬಾಯಿ ಒತ್ತಿ ಹಿಡಿದೆ. ಚಾವಣಿ ನೋಡುತ್ತಲೇ ಅವಳನ್ನು ಎಳೆದುಕೊಂಡು ಹೋದೆ. ನಮ್ಮ ಹಿಂದೆ ಹಲೀಮಾಬಿ ಬರುತ್ತಿದ್ದರು, ಮುಕ್ತಾ ಹುಟ್ಟಿದಾಗ ಹೆರಿಗೆ ಮಾಡಿಸಿದ ಸೂಲಗಿತ್ತಿ. ಬಿದ್ದ ಸಪ್ಪಳ ಕೇಳಿತು, ಯಾ ಅಲ್ಲಾ ಎಂದದ್ದೂ ಕೇಳಿತು. ನಾನು ತಿರುಗಲಿಲ್ಲ. ನಾಚಿಕೆಯಾಗುತ್ತದೆ, ಅಜ್ಜಾ, ಬರೆಯುವುದಕ್ಕೂ.

ನಾಳೆ ನಮ್ಮಲ್ಲೂ ಪಂಚಾಯ್ತಿ. ಯಾರೂ ಕಂಡಿಲ್ಲ ಎಂದಾದರೆ, ಕಾಲು ಮುರಿದು ಕೆಲಸಕ್ಕೆ ಆಗದ ಹಲೀಮಾಬಿಯನ್ನು ಮೇಲ್ಮಹಡಿಗೆ, ಅಂದರೆ ಆ ಮೇಲಿನ ಊರಿಗೆ, ಕಳಿಸುತ್ತಾರೆ. ಆ ಬಿಸಿಲಿನಲ್ಲಿ ಒಂದು ಬೇಸಿಗೆ ದಾಟಿದವರು ಕಡಿಮೆ. ನಾವು ಕಂಡೆವು ಎಂದಾದರೆ ನಮ್ಮ ಕಂಬ ಅವರಿಗೆ, ಮೇಲ್ಮಹಡಿ ನಮಗೆ.

ಪಂಚರು ಮುಕ್ತಾಳನ್ನೂ ಕೇಳುತ್ತಾರೆ. ಎರಡು ದಿನದಿಂದ ನಾನು ಅವಳಿಗೆ ಒಂದೇ ಮಾತು ಕಲಿಸುತ್ತಿದ್ದೇನೆ: ನಾನು ನೋಡಿಲ್ಲ. ಮೊದಲು ಅತ್ತಳು. ನಿನ್ನೆ ತಡವರಿಸಿದಳು. ಇವತ್ತು ಊಟಕ್ಕೆ ಕೂತಾಗ ನಾನು ಕೇಳದೆಯೇ, ಗದ್ದ ಎತ್ತಿ, ಕಣ್ಣು ಪಿಳುಕಿಸದೆ ಹೇಳಿದಳು. ನನಗಿಂತ ಚೆನ್ನಾಗಿ ಹೇಳಿದಳು. ರೊಟ್ಟಿ ಬದಿಗಿಟ್ಟೆ. ಆಗಲೇ ಕಾಗದ ತೆಗೆದೆ.

ಅಜ್ಜಾ, ನಾಳೆ ಕಂಡೆ ಎಂದುಬಿಡಿ. ಚೀಲ ಹಾಸಿದ್ದೆ, ತೆಗೆಸಿದರು ಎನ್ನಿ. ನಿಮ್ಮ ನೌಕರಿ ಹೋಗುತ್ತದೆ, ಮನೆಯಲ್ಲಿ ಬಯ್ಯುತ್ತಾರೆ, ಗೊತ್ತು. ಆಗ ಮ್ಯಾನೇಜರ್ ತಾನು ಕಂಡಿಲ್ಲ ಎಂದಾನು. ಹಾಗೆ ಕಾಣಲಿಲ್ಲ ಅಂದವರನ್ನು, ನೀನು ನೋಡಬೇಕಿತ್ತಲ್ಲ, ಅದು ನಿನ್ನ ಕೆಲಸವಲ್ಲವೇ, ಎಂದು ಕೇಳುವ ಒಂದು ತೀರ್ಪು ನಮಗೆ ಬೇಕು. ಅದು ನಿಮ್ಮಿಂದಲೇ ಬರಬೇಕು.

ನೀವು ಹೇಳಿದಿರೋ ಇಲ್ಲವೋ ನನಗೆ ತಿಳಿಯುವಂತಿಲ್ಲ. ಹಾಗಾಗಿ ನಿಮ್ಮ ದಾರಿ ಕಾಯುವುದಿಲ್ಲ. ನಾಳೆ ಮಗಳ ಹೆಸರು ಕೂಗುವ ಮೊದಲೇ ನಾನು ಎದ್ದು, ಇವಳು ಹೇಳಿದ್ದಳು, ನಾನು ಬಾಯಿ ಮುಚ್ಚಿಸಿದೆ, ಎನ್ನುತ್ತೇನೆ. ಬಟ್ಟೆಯ ಗಂಟು ಕಟ್ಟಿ ಇಟ್ಟಿದ್ದೇನೆ. ಯಾವ ಊರಿಗೆ ಹೊಂಟೀವಿ ಅವ್ವಾ, ಎಂದು ಮುಕ್ತಾ ಖುಷಿಯಿಂದ ಕೇಳುತ್ತಿದ್ದಾಳೆ.