ಬಾವಿಯ ಎಂಜಿನ್ನಿಗೆ ಹೊಸ ಎಣ್ಣೆ

೧೦ ಫೆಬ್ರುವರಿ ೧೯೫೮, ಸೋಮವಾರ. ಹನ್ನೂರ.

ಬಾವಿ ತೋಡುವಾಗ ನೀರೆತ್ತುವ ಎಂಜಿನ್ನಿಗೆ, ಬೆಳಗಿನ ಥಂಡಿಗೆ ಗಟ್ಟಿಯಾಗುವ ನಲವತ್ತು ನಂಬರಿನ ದಪ್ಪ ಎಣ್ಣೆ ಬಿಟ್ಟು, ನವಿ ಪೇಠದ ಅಂಗಡಿಯಿಂದ ಹೊಸ ಬಗೆಯದನ್ನು ತಂದವನು ನಾನೇ. “ಥಂಡಿಗೂ ಬಿಸಲಿಗೂ ಇದೊಂದ ಸಾಕರಿ” ಎಂದಿದ್ದ ಅಂಗಡಿಯವ. ಬೆಳಿಗ್ಗೆ ಒಂದೇ ತಿರುವಿಗೆ ಎಂಜಿನ್ ಹತ್ತಿತು, ನಾನು ಹಿಗ್ಗಿದೆ. ಮಧ್ಯಾಹ್ನ ಕಾದು, ಕಿರುಗುಟ್ಟಿ, ಕಚ್ಚಿಕೊಂಡು ನಿಂತಿತು. ತಮ್ಮ ಮರೆಪ್ಪ ಬಾವಿಯ ತಳದಲ್ಲಿದ್ದ.

“ನೀರ ಎದಿಮಟಾ ಬಂತೋ ಅಣ್ಣಾ, ಲಗೂನ ಹಗ್ಗ ಬಿಡೋ!”

ನಾಲ್ವರು ಸೇರಿ ಎಳೆದೆವು. ಬದುಕಿದ. ಮೇಲೆ ಬಂದವನೇ, “ಎಂಜಿನ್ನಿಗೆ ಏನಾತೋ?” ಎಂದ.

“ಹಳೇದು, ಕೆಟ್ಟೈತಿ” ಎಂದೆ. ಎಣ್ಣೆ ಬದಲಿಸಿದ್ದು ಅವನಿಗೆ ಗೊತ್ತಿಲ್ಲ. ತಪ್ಪು ಎಣ್ಣೆಯದೋ, ಸವೆದ ಎಂಜಿನ್ನಿನದೋ, ನನಗೂ ತಿಳಿಯದು. ರಿಪೇರಿಯಾದರೆ ಮತ್ತೆ ಇಳಿಯುತ್ತಾನಂತೆ. ನಲವತ್ತೇ ಹಾಕುತ್ತೇನೆ. ಅದಕ್ಕೂ ಮೊದಲು ನಿಜ ಹೇಳಬೇಕು. ಹೇಳಿದ ಮೇಲೆ ಅವನು ಆ ಹಗ್ಗವನ್ನು ನನ್ನ ಕೈಗೆ ಕೊಡುತ್ತಾನೋ, ಇಲ್ಲವೋ.