ಇನ್ನೂರು ಪ್ರತಿಯ ಚಿತ್ರ

ಸೋಮವಾರ, ಮಾರ್ಚ್ ೧೧

ಪ್ರೀತಿಯ ಕಡ್ಡಿಗೆ,

ನಿನ್ನ ಡುಮ್ಮನ ನಮಸ್ಕಾರ. ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡಕ್ಕೆ ಮಂಡಿನೋವಿನ ನೆಪ ಹೇಳೋಣವೆಂದಿದ್ದೆ, ಆದರೆ ಮಂಡಿಯಿಂದ ಯಾರೂ ಪತ್ರ ಬರೆಯುವುದಿಲ್ಲವಲ್ಲ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಎನ್ವಿ ಬೇರೆ, ಜೆಲಸಿ ಬೇರೆ ಎಂದು ಒಂದು ಪೀರಿಯಡ್ ಪೂರ್ತಿ ಕೊರೆದಿದ್ದರು. ಯಾವುದು ಯಾವುದೆಂದು ಮರೆತಿದ್ದೇನೆ. ಎರಡೂ ಇವೆ ಎಂದಿಟ್ಟುಕೋ.

ನಾನು ಕ್ಷೇಮ. ನನ್ನವಳು ತೀರಿಹೋಗಿ ಮುಂದಿನ ತಿಂಗಳಿಗೆ ನಾಲ್ಕು ವರ್ಷ. ಅಡುಗೆ ಮಾಡುವುದನ್ನು ಕಲಿತಿದ್ದೇನೆ, ಅದನ್ನು ತಿನ್ನುವುದನ್ನು ಇನ್ನೂ ಕಲಿಯಬೇಕು.

ಇಲಾಖೆಯ ಹಳೆಯ ಪೋಸ್ಟರುಗಳ ಪ್ರದರ್ಶನದ ಆಮಂತ್ರಣದ ಮೇಲೆ ನಿನ್ನ ಚಿತ್ರ ಬಂದಿದೆ, ನೋಡಿದೆಯಾ ಎಂದು ಕೇಳಿದ್ದೀ. ನೋಡದೆ ಏನು. ಆರೋಗ್ಯ ಇಲಾಖೆಯಲ್ಲಿ ನಾವಿಬ್ಬರೂ ಒಂದೇ ಮೇಜಿನ ಮೇಲೆ ಪೋಸ್ಟರ್ ಬರೆಯುತ್ತಿದ್ದಾಗ ಮಂತ್ರಿಯಾಗಿದ್ದರಲ್ಲ, ಆ ನಾಯಕರದ್ದೇ ಏರ್ಪಾಡು. ಕ್ಷಯರೋಗದ ಆ ಪೋಸ್ಟರ್ ಬರೆದವನಿಗೆ ತಮ್ಮ ಕೈಯಾರೆ ಫಲಕ ಕೊಡುತ್ತಾರಂತೆ. ನನಗೆ ನಗು ಬಂತು. ಅವತ್ತು ಇದೇ ಮನುಷ್ಯ ನಮ್ಮಿಬ್ಬರ ಚಿತ್ರಗಳನ್ನೂ ಗೋಡೆಗೆ ಒರಗಿಸಿ ನೋಡಿದ್ದು ನೆನಪಿದೆಯೇ? ನನ್ನದರಲ್ಲಿ ಕೊಂಬು, ಕೋರೆಹಲ್ಲಿನ ಕ್ಷಯರಾಕ್ಷಸ, ಅದನ್ನು ಈಟಿಯಿಂದ ತಿವಿಯುತ್ತಿರುವ ನಾಯಕರು. ನಿನ್ನದರಲ್ಲಿ ಗುಣವಾದ ಒಬ್ಬ ಸಾಮಾನ್ಯ ಮನುಷ್ಯ, ಆಸ್ಪತ್ರೆ ಮಂಚದ ಅಂಚಿನಲ್ಲಿ ಕೂತು ಮನೆಗೆ ಹೊರಡಲು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾನೆ, ಅಷ್ಟೇ. ನಾಯಕರು ನಿನ್ನದನ್ನು ಬಹಳ ಹೊತ್ತು ನೋಡಿ, "ಎಲ್ಲಾ ಸರಿಯಪ್ಪಾ, ಇದ್ರಲ್ಲಿ ನಾನೆಲ್ಲಿದ್ದೀನಿ?" ಎಂದರು.

ನನ್ನದು ಹತ್ತು ಸಾವಿರ ಅಚ್ಚಾಯಿತು. ನಿನ್ನದು ಇನ್ನೂರು, ಅದೂ ವಾರ್ಡುಗಳ ಒಳಗೋಡೆಗೆ. ಅವತ್ತು ನಿನಗೆ ಟೀ ಕೊಡಿಸಿದೆ. ಗೆದ್ದವನ ದೊಡ್ಡತನ. ಈಗ ನನ್ನ ಹತ್ತು ಸಾವಿರದಲ್ಲಿ ಒಂದೂ ಸಿಕ್ಕಿಲ್ಲ. ನಿನ್ನ ಇನ್ನೂರರಲ್ಲಿ ಹದಿನೇಳು ಗಟ್ಟಿಯಾಗಿ ಉಳಿದಿವೆಯಂತೆ.

ಇಲಾಖೆಯ ಪೋಸ್ಟರಿನ ಮೇಲೆ ಮಂತ್ರಿಯ ಹೆಸರು ಬಿಟ್ಟು ಬರೆದವನ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಹಾಗಾಗಿ ನಾಯಕರ ಆಪ್ತ ಕಾರ್ಯದರ್ಶಿ ನನಗೆ ಫೋನ್ ಮಾಡಿದ. ಚಿತ್ರದ ಕೆಳಗಿನ ಅಕ್ಷರಗಳು ನಿಮ್ಮ ಕೈಯವು ಎಂದು ಹಳಬರು ಹೇಳಿದ್ದಾರೆ, ಚಿತ್ರವೂ ನಿಮ್ಮದೇ ಎಂದು ನಾಯಕರ ನೆನಪು, ಹೌದೇ ಎಂದ. ಅಕ್ಷರ ನನ್ನದೇ, ಸುಳ್ಳಲ್ಲ. ಯೋಚಿಸಿ ಹೇಳುತ್ತೇನೆ ಎಂದೆ.

"ನೀವೇ ಬರೆದ ಚಿತ್ರಕ್ಕೆ ಯೋಚನೆ ಯಾಕೆ ಸಾರ್?" ಎಂದ.

ಮೂರು ವಾರ ಯೋಚಿಸಿದೆ. ಗಡ್ಡ ಬೋಳಿಸಿಕೊಳ್ಳುವಾಗ ಕನ್ನಡಿಯ ಮುಂದೆ ಫಲಕ ತೆಗೆದುಕೊಳ್ಳುವ ಮುಖವನ್ನೂ ಅಭ್ಯಾಸ ಮಾಡಿದೆ, ಸಿಂಪಲ್, ಹಂಬಲ್, ಒಂದು ಕಡೆ ವಾಲಿದ ನಗು. ನೀನು ಅಷ್ಟು ದೂರದಲ್ಲಿದ್ದೀ, ಜಗಳಕ್ಕೆ ಬರುವವನೂ ಅಲ್ಲ. ಆದರೆ ಇವತ್ತು ಬೆಳಗ್ಗೆ ಅವನಿಗೆ ಫೋನ್ ಮಾಡಿ ನಿನ್ನ ಹೆಸರು, ವಿಳಾಸ ಕೊಟ್ಟುಬಿಟ್ಟೆ. ಕಂಗ್ರಾಜುಲೇಷನ್ಸ್. ಈ ಪದವನ್ನು ಪರೀಕ್ಷೆಯಲ್ಲೂ ನಾನು ಇಷ್ಟು ಕಷ್ಟಪಟ್ಟು ಬರೆದಿರಲಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ನಿನ್ನ ಮಗಳಿಗೂ ಮೊಮ್ಮಕ್ಕಳಿಗೂ ಈ ಅಜ್ಜನ ಆಶೀರ್ವಾದ. ನೂರು ಕಾಲ ಚೆನ್ನಾಗಿರಿ.

ಇಂತಿ ನಿನ್ನ,
ಡುಮ್ಮ

ಮರೆತ ಮಾತು: ಕೊನೆಯ ಎರಡು ತಿಂಗಳು ನನ್ನವಳು ಮಲಗಿದ್ದ ವಾರ್ಡಿನಲ್ಲಿ, ಅವಳ ಮಂಚದ ಎದುರಿಗೇ ನಿನ್ನ ಪೋಸ್ಟರ್ ಇತ್ತು. ಇಡೀ ದಿನ ಅದನ್ನೇ ನೋಡುತ್ತಿದ್ದಳು. ಒಂದು ಮಧ್ಯಾಹ್ನ, "ರೀ, ಇದು ನಿಮ್ಮ ಆಫೀಸಿಂದಲ್ವಾ? ನೀವು ಬರೆದಿದ್ದಾ?" ಎಂದು ಕೇಳಿದಳು. ನಾನು ಹೂಂ ಎಂದೆ. ನನ್ನ ಕೈ ಹಿಡಿದುಕೊಂಡು ಹೇಳಿದಳು, "ಮೂವತ್ತೈದು ವರ್ಷ ಜೊತೆಗಿದ್ರೂ ನಿಮ್ಮೊಳಗೆ ಇಷ್ಟು ಮೆತ್ತಗಿನ ಮನುಷ್ಯ ಇದ್ದಾನೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ." ಹೋಗುವವರೆಗೂ ಹಾಗೆಯೇ ನಂಬಿದ್ದಳು. ಆ ಮಾತು ನಿನಗೆ ಸೇರಬೇಕಾದದ್ದು, ಗೊತ್ತು. ಫಲಕ ನೀನು ತೆಗೆದುಕೋ ಕಡ್ಡಿ. ಅವಳ ಆ ಮಾತನ್ನು ಮಾತ್ರ ವಾಪಸ್ ಕೇಳಬೇಡ.